ಆಯ್ಕೆರಾಯರು

ಊರಿಗೊಂದು ಸಾಹಿತ್ಯ ಸಂಘವಿದ್ದರೆ ಆ ಸಂಘಕ್ಕೊಬ್ಬ ಆಯ್ಕೆರಾಯರು ಇದ್ದೇ ಇರುತ್ತಾರೆ. ಕೆಲವೆಡೆ ಅವರು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವರು. ಕೆಲವೆಡೆ ಕೊರೋನಾ ಕಾಲದಲ್ಲಿ ವರ್ಕ್ ಫ್ರಂ ಹೋಮ್ ಅಂತ ಬೆಂಗಳೂರಿನಿಂದ ಬಂದು ಊರಲ್ಲೇ ಉಳಿದವರು. ಇನ್ನು ಕೆಲವೆಡೆ ಪಾಲಿಟೆಕ್ನಿಕ್ಕಿನ ಮೇಷ್ಟ್ರು. ವೃತ್ತಿ ಯಾವುದಾದರೂ ಲಕ್ಷಣ ಒಂದೇ: ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ, ಹಾಳೆಯ ತುಂಬ ಹಸಿರು ಕೆಂಪು ಚೌಕಗಳು.

ಸಂಘಕ್ಕೆ ಐವತ್ತು ತುಂಬಿತು, ಒಂದು ವೆಬ್‌ಸೈಟ್ ಆಗಲಿ ಎಂದು ಯಾರಾದರೂ ಬಾಯಿ ಬಿಟ್ಟ ದಿನವೇ ರಾಯರಿಗೆ ಶುಕ್ರದೆಸೆ ಶುರು. ಹಾಕಲು ಸರಕಿಗೇನೂ ಬರವಿಲ್ಲ. ಸ್ಮರಣ ಸಂಚಿಕೆಗಳಿವೆ, ಕ್ಯಾಸೆಟ್ಟಿನಲ್ಲಿ ಉಳಿದ ಉಪನ್ಯಾಸಗಳಿವೆ, ತಾಲ್ಲೂಕಿನ ತತ್ವಪದಕಾರರ ಪರಿಚಯಗಳಿವೆ, ಬೀರು ತುಂಬ ಫೋಟೊಗಳಿವೆ. ಫೋಟೊಗಳಲ್ಲಿ ಅರ್ಧ ಹಾರ ಹಾಕುತ್ತಿರುವವು, ಉಳಿದರ್ಧ ಹಾಕಿಸಿಕೊಳ್ಳುತ್ತಿರುವವು.

“ಎಲ್ಲಾನೂ ಒಂದ್ ಕಡೆ ಹಾಕಿಬಿಡೋಣ” ಎನ್ನುತ್ತಾರೆ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು.

“ಹಾಕೋಕೆ ಮುಂಚೆ ಸಿಎಂಎಸ್ ಯಾವುದು ಅಂತ ತೀರ್ಮಾನ ಆಗ್ಬೇಕಲ್ಲ ಸಾರ್?” ಎನ್ನುತ್ತಾರೆ ರಾಯರು. ಅಲ್ಲಿಗೆ ‘ಹಾಕೋಣ’ ನಿಂತಿತು, ‘ತೀರ್ಮಾನ’ ಹೊರಟಿತು.

ಸಿಎಂಎಸ್ ಅಂದರೆ ಹೆದರುವಂಥದ್ದೇನಲ್ಲ. ಒಂದೊಂದು ಪುಟಕ್ಕೂ ಕೋಡ್ ಬರೆಯುವ ಕಷ್ಟ ತಪ್ಪಿಸಲು ಹುಟ್ಟಿದ ವ್ಯವಸ್ಥೆ ಅದು. ಬರಹ, ಚಿತ್ರ, ಧ್ವನಿ ಎಲ್ಲವನ್ನೂ ಅದರೊಳಗೆ ಇಟ್ಟರೆ, ಲಾಗಿನ್ ಆಗಲು ಬರುವ ಯಾರಾದರೂ ಟೈಪ್ ಮಾಡಿ ಒಂದು ಗುಂಡಿ ಒತ್ತಿದರೆ ಪುಟ ಸಿದ್ಧ. ಕಂಪ್ಯೂಟರ್ ಗೊತ್ತಿಲ್ಲದವರ ಕೈಗೆ ವೆಬ್‌ಸೈಟ್ ಕೊಡಬೇಕೆಂಬುದು ಇದರ ಉದ್ದೇಶ. ಕಂಪ್ಯೂಟರ್ ಗೊತ್ತಿರುವವರ ಕೈಗೆ ಸಿಕ್ಕಾಗ ಮಾತ್ರ ತೊಡಕು.

ಮೊದಲ ಸಭೆಯಲ್ಲಿ ಕಾರ್ಯದರ್ಶಿಗಳು, ಸೋದರಳಿಯ ಹೇಳಿಕೊಟ್ಟಂತೆ, ವರ್ಡ್‌ಪ್ರೆಸ್ ಹೆಸರೆತ್ತಿದರು. ರಾಯರು ಕನ್ನಡಕ ತೆಗೆದು ಒರೆಸಿದರು.

“ವರ್ಡ್‌ಪ್ರೆಸ್ಸಾ? ಅದು ಎಲ್ಲರೂ ಬಳಸೋದು ಸ್ವಾಮಿ.”

ಮಾತು ನಿಜ. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಮೇಲೆ ಇವತ್ತು ಜಗತ್ತಿನ ಪ್ರತಿ ಹತ್ತು ವೆಬ್‌ಸೈಟುಗಳಲ್ಲಿ ನಾಲ್ಕು ನಿಂತಿವೆ. ಅಷ್ಟು ಜನ ಬಳಸುವುದರಿಂದಲೇ ಅದನ್ನು ಕಲಿಸುವವರು ಸಿಗುತ್ತಾರೆ, ಕೆಟ್ಟರೆ ರಿಪೇರಿ ಮಾಡುವವರೂ ಸಿಗುತ್ತಾರೆ. ರಾಯರ ಕಣ್ಣಿಗೆ ಮಾತ್ರ ಅದೇ ದೊಡ್ಡ ದೋಷ. ಎಲ್ಲರಿಗೂ ಗೊತ್ತಿರುವುದನ್ನು ಆರಿಸಲು ತಜ್ಞರು ಯಾಕೆ ಬೇಕು?

ಮುಂದಿನ ಸಭೆಗೆ ಅವರು ಜೂಮ್ಲಾ ಪಕ್ಷಕ್ಕೆ ಸೇರಿದ್ದರು. 2005ರಲ್ಲಿ ಮ್ಯಾಂಬೊ ಎಂಬ ವ್ಯವಸ್ಥೆಯಿಂದ ಸಿಡಿದು ಬಂದದ್ದು ಅದು ಎಂದು ವಿವರಿಸಿದರು. ಸಂಘ ಒಡೆದು ಎರಡಾದ ಕಥೆ ನಮ್ಮವರಿಗೆ ಚೆನ್ನಾಗಿ ಅರ್ಥವಾಯಿತು, ಜೂಮ್ಲಾ ಅರ್ಥವಾಗಲಿಲ್ಲ. ಅದರ ಮುಂದಿನ ಸಭೆಯಲ್ಲಿ ರಾಯರು ಜೂಮ್ಲಾವನ್ನೂ ಬಿಟ್ಟು ಡ್ರೂಪಲ್ ಪಾಳಯದಲ್ಲಿದ್ದರು.

“2001ರದು ಸಾರ್. ಬೆಲ್ಜಿಯಮ್ಮಿನ ಡ್ರೀಸ್ ಬೈಟಾರ್ಟ್ ಮಾಡಿದ್ದು. ಅಮೆರಿಕದ ಶ್ವೇತಭವನದ ಸೈಟನ್ನೇ 2009ರಲ್ಲಿ ಇದರ ಮೇಲೆ ಕಟ್ಟಿದ್ರು.”

ಅಧ್ಯಕ್ಷರು ಸ್ವಲ್ಪ ನೆಟ್ಟಗೆ ಕೂತರು. ಅಧ್ಯಕ್ಷರಿಗೆ ತಕ್ಕದ್ದೇ ಇರಲಿ ಎಂಬ ಭಾವ ಮುಖದಲ್ಲಿ ಕಂಡಿತು. ಮೂಲೆಯಲ್ಲಿ ಕೂತಿದ್ದ ಡಿಟಿಪಿ ಹುಡುಗಿ ಮೊಬೈಲ್ ನೋಡಿ, “2017ರಲ್ಲಿ ಅವರೂ ವರ್ಡ್‌ಪ್ರೆಸ್‌ಗೆ ಹೋದ್ರಂತೆ ಸಾರ್” ಅಂದಳು. ಅಧ್ಯಕ್ಷರು ಮತ್ತೆ ಕುರ್ಚಿಗೆ ಒರಗಿದರು. ರಾಯರು ಅದು ರಾಜಕೀಯ ಎಂದು ತಳ್ಳಿಹಾಕಿದರು.

ರಾಯರ ಬತ್ತಳಿಕೆಯಲ್ಲಿ ಕೊನೆಯ ಬಾಣ ಒಂದಿದೆ: “ಒಂದೇ ಸಲಕ್ಕೆ ಒಂದು ಲಕ್ಷ ಜನ ಸೈಟಿಗೆ ಬಂದ್ರೆ ತಡಕೊಳ್ಳುತ್ತಾ?”

ಖಜಾಂಚಿಗಳು ಲೆಕ್ಕದ ಮನುಷ್ಯರು. “ರಾಯರೇ, ರಾಜ್ಯೋತ್ಸವಕ್ಕೆ ನಮ್ಮಲ್ಲಿ ಬರೋದು ಅರವತ್ತು ಜನ. ಉಪ್ಪಿಟ್ಟು ಖಾಲಿಯಾದ ಮೇಲೆ ಉಳಿಯೋದು ಇಪ್ಪತ್ತು. ಆ ಇಪ್ಪತ್ತನ್ನ ತಡಕೊಂಡ್ರೆ ಸಾಕು.”

ಆದರೂ ರಾಯರನ್ನು ಬರೀ ತಮಾಷೆಯ ವಸ್ತು ಎನ್ನಲಾಗದು. ಒಂದು ಸಂಜೆ ಅವರು ಹೇಳಿದ ಮಾತು ಚಿನ್ನದಂಥದ್ದು. ಲೇಖನವನ್ನು ಬರೀ ಪುಟವಾಗಿ ತುಂಬಬೇಡಿ, ಲೇಖಕರ ಹೆಸರು, ವರ್ಷ, ಸಂಚಿಕೆ, ಪ್ರಕಾರ ಎಲ್ಲಕ್ಕೂ ಬೇರೆ ಬೇರೆ ಖಾನೆ ಇಡಿ ಎಂದರು. ಆಗ ಒಬ್ಬರು ಬರೆದದ್ದಷ್ಟನ್ನೂ ಒಂದೇ ಕಡೆ ನೋಡಬಹುದು, 1980ರ ದಶಕದ ಕವಿತೆಗಳನ್ನಷ್ಟೇ ತೆಗೆಸಬಹುದು. ಸರಕು ಹೆಚ್ಚಿರುವ ಸೈಟಿಗೆ ಇದೇ ಅಡಿಪಾಯ. ಡ್ರೂಪಲ್ ಇದರಲ್ಲಿ ಗಟ್ಟಿಗ. ವರ್ಡ್‌ಪ್ರೆಸ್ಸಿಗೂ 2010ರ 3.0 ಆವೃತ್ತಿಯಿಂದ ಈ ವಿದ್ಯೆ ಬಂದಿದೆ. ಸಭೆ ತಲೆದೂಗಿತು. ಅಲ್ಲಿಗೆ ನಿಲ್ಲಿಸಿದ್ದರೆ ಕೆಲಸ ಆಗುತ್ತಿತ್ತು. ಆದರೆ ಅಷ್ಟರಲ್ಲಿ ರಾಯರು ಹೊಸದೊಂದನ್ನು ಓದಿ ಬಂದಿದ್ದರು.

“ಡೇಟಾಬೇಸೇ ಬೇಡ ಸಾರ್. ಹ್ಯೂಗೊ ಅಂತ ಇದೆ. ಎಲ್ಲ ಸ್ಟ್ಯಾಟಿಕ್ ಪುಟ. ಹ್ಯಾಕ್ ಆಗೋ ಭಯ ಕಡಿಮೆ, ವೇಗ ಜಾಸ್ತಿ. ಬರಹನ ಮಾರ್ಕ್‌ಡೌನಲ್ಲಿ ಬರೆದು ಗಿಟ್‌ಗೆ ಪುಶ್ ಮಾಡಿದ್ರೆ ಮುಗೀತು.”

ಕಾರ್ಯದರ್ಶಿಗಳು ಸಭೆಯ ನಡಾವಳಿಯನ್ನು ಕೈಯಲ್ಲಿ ಬರೆದು, ಅದರ ಫೋಟೊ ತೆಗೆದು, ಅಡ್ಡಡ್ಡಲಾಗಿ ವಾಟ್ಸಾಪಿಗೆ ಹಾಕುವವರು. “ಎಲ್ಲಿಗೆ ಪುಶ್ ಮಾಡ್ಬೇಕು?” ಎಂದು ಕೇಳಿದರು. ರಾಯರು ಉತ್ತರ ಹೇಳಿದರು, ಬಹಳ ಹೊತ್ತು ಹೇಳಿದರು. ಕಾಫಿ ಬಂತು, ಸಭೆ ಮುಂದಕ್ಕೆ ಹೋಯಿತು.

ನಿಜವಾದ ಪ್ರಶ್ನೆ ಕೇಳಿದವಳು ಡಿಟಿಪಿ ಹುಡುಗಿಯೇ. “ಸಾರ್, 2004ರ ಸಂಚಿಕೆ ಹಳೇ ನುಡಿ ಫಾಂಟಲ್ಲಿದೆ. ಯೂನಿಕೋಡ್‌ಗೆ ತರದೆ ಯಾವ ಸಿಎಂಎಸ್‌ಗೆ ಹಾಕಿದ್ರೂ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಕಾಣ್ಸುತ್ತೆ. ಕನ್ವರ್ಟ್ ಮಾಡಿದ್ರೂ ಅರ್ಕಾವತ್ತು ಸರಿ ಇದ್ಯಾ ಅಂತ ಒಬ್ರು ಕೂತು ನೋಡ್ಬೇಕು. ಅದಕ್ಕೂ ಹಿಂದಿನವು ಮೊಳೆ ಜೋಡಿಸಿ ಅಚ್ಚು ಮಾಡಿದ್ದು, ಟೈಪೇ ಮಾಡ್ಬೇಕು. ಬರೀ ಸ್ಕ್ಯಾನ್ ಚಿತ್ರ ಹಾಕಿದ್ರೆ ಒಳಗಿನ ಅಕ್ಷರ ಹುಡುಕೋಕೆ ಸಿಗೋದು ಕಷ್ಟ. ಇದೆಲ್ಲ ಯಾರ್ ಮಾಡ್ತಾರೆ?”

ಸಭೆಯಲ್ಲಿ ಮೌನ. ಸಿಎಂಎಸ್ ವಿಚಾರದಲ್ಲಿ ಎಲ್ಲರಿಗೂ ಅಭಿಪ್ರಾಯವಿತ್ತು, ಟೈಪಿಂಗ್ ವಿಚಾರದಲ್ಲಿ ಯಾರಿಗೂ ಇರಲಿಲ್ಲ. ರಾಯರು ಎಕ್ಸೆಲ್ ಹಾಳೆಗೆ ‘ಯೂನಿಕೋಡ್’ ಎಂಬ ಹೊಸ ಕಾಲಂ ಸೇರಿಸಿ ಎಲ್ಲ ಚೌಕಗಳಿಗೂ ಹಸಿರು ಬಳಿದರು. ಎಲ್ಲ ಸಿಎಂಎಸ್‌ಗಳೂ ಪಾಸು, ಸಂಘ ಮಾತ್ರ ಫೇಲು.

ರಾಯರ ಮನಸ್ಸು ಕೆಟ್ಟದ್ದಲ್ಲ. ಅವರು ಪೈಸೆ ತೆಗೆದುಕೊಳ್ಳುವುದಿಲ್ಲ, ಸಭೆ ತಪ್ಪಿಸುವುದಿಲ್ಲ, ರಾತ್ರಿ ಎರಡಕ್ಕೂ ಗುಂಪಿಗೆ ಲಿಂಕ್ ಕಳಿಸುತ್ತಾರೆ. ಅವರ ತೊಂದರೆ ಒಂದೇ: ಆಯ್ಕೆ ಮುಗಿದರೆ ಅವರ ಕೆಲಸವೂ ಮುಗಿಯುತ್ತದೆ. ವೆಬ್‌ಸೈಟ್ ಶುರುವಾದ ಮರುದಿನದಿಂದ ಬೇಕಾಗುವುದು ಬರೆಯುವವರು, ತಿದ್ದುವವರು, ಏರಿಸುವವರು. ಆ ಪಟ್ಟಿಯಲ್ಲಿ ಎಕ್ಸೆಲ್ ಹಾಳೆಗೆ ಜಾಗವಿಲ್ಲ.

ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್ ಮೂರೂ ಉಚಿತ, ಮೂರರಲ್ಲೂ ಕನ್ನಡ ನೆಟ್ಟಗೆ ಕೂರುತ್ತದೆ, ಊರ ಸಂಘದ ಕೆಲಸಕ್ಕೆ ಮೂರರಲ್ಲಿ ಯಾವುದಾದರೂ ಸಾಕು. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ವಾರಕ್ಕೊಮ್ಮೆ ಕೂತು ಬರಹ ಏರಿಸುವವರು ಯಾರು? ಅವರಿಗೆ ಯಾವುದು ಸುಲಭ? ನಾಳೆ ಈ ಮನೆ ಬಿಡಬೇಕಾದರೆ ಸಾಮಾನೆಲ್ಲ ಹೊರಗೆ ತೆಗೆಯಲು ಬರುತ್ತದೆಯೇ? ಬ್ಯಾಕಪ್ ಯಾರ ಹತ್ತಿರ ಇರುತ್ತದೆ? ವರ್ಷಕ್ಕೊಮ್ಮೆ ಹೋಸ್ಟಿಂಗ್ ದುಡ್ಡು ಕಟ್ಟುವುದನ್ನು ನೆನಪಿಡುವವರು ಯಾರು?

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಸಂಘದಲ್ಲೂ ರಾಯರಿದ್ದರೆ ದಯವಿಟ್ಟು ಅವರನ್ನು ಸಮಿತಿಯಿಂದ ತೆಗೆಯಬೇಡಿ. ಬ್ಯಾಕಪ್ಪು, ಅಪ್‌ಡೇಟು, ಪಾಸ್‌ವರ್ಡಿನ ಹೊಣೆ ಅವರಿಗೇ ಕೊಡಿ, ಅದನ್ನು ಅವರಷ್ಟು ಶ್ರದ್ಧೆಯಿಂದ ಬೇರೆ ಯಾರೂ ಮಾಡರು. ಯಾವ ಸಿಎಂಎಸ್ ಎಂಬ ತೀರ್ಮಾನವನ್ನು ಮಾತ್ರ ಟೈಪ್ ಮಾಡುವವರಿಗೆ ಬಿಡಿ.