ಎಲ್ಲದಕ್ಕೂ ಸಲ್ಲುವ ಸೈಕಲ್ಲು

ದಿನಾ ಆಫೀಸಿಗೆ, ಭಾನುವಾರ ನಂದಿಬೆಟ್ಟಕ್ಕೆ, ರಜೆ ಸಿಕ್ಕರೆ ಸಾಮಾನು ಹೇರಿಕೊಂಡು ಆಗುಂಬೆ ಘಾಟಿಗೆ. ಮೂರಕ್ಕೂ ಒಂದೇ ಸೈಕಲ್ ಸಾಕೆಂದು ಮನೆಯಲ್ಲಿ ಘೋಷಿಸಿದೆ. ರೆಡಿಮೇಡ್ ಕೊಂಡರೆ ನನ್ನ ಬುದ್ಧಿವಂತಿಕೆಗೆ ಕೆಲಸವೆಲ್ಲಿ? ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಜೋಡಿಸುವುದೆಂದು ತೀರ್ಮಾನವಾಯಿತು. ತೀರ್ಮಾನ ನನ್ನದು, ಆಕ್ಷೇಪ ಹೆಂಡತಿಯದು, ದುಡ್ಡು ಇಬ್ಬರದು.

ಉಕ್ಕಿನ ಫ್ರೇಮ್ ಬಂತು. ಬೆಂಗಳೂರಿನ ಗುಂಡಿಗಳಿಗೆ ಅಂಜದಿರಲಿ ಎಂದು 40 ಮಿ.ಮೀ. ಅಗಲದ ಟೈರು ತರಿಸಿದೆ. ಫೋರ್ಕಿನೊಳಗೆ 32 ದಾಟಿದ್ದು ನುಗ್ಗುವುದಿಲ್ಲವೆಂದು ಆಮೇಲೆ ತಿಳಿಯಿತು. ಸರಿ, 32 ಹಾಕಿದೆ. ಮಡ್‌ಗಾರ್ಡಿಗೆ ಜಾಗ ಉಳಿಯಲಿಲ್ಲ. ಮಳೆಗಾಲದಲ್ಲಿ ಬೆನ್ನಿನುದ್ದಕ್ಕೂ ಎದ್ದ ಕೆಸರಿನ ಬಣ್ಣ ನೋಡಿಯೇ ನಾನು ಯಾವ ರಸ್ತೆಯಲ್ಲಿ ಬಂದೆನೆಂದು ಸಹೋದ್ಯೋಗಿಗಳು ಹೇಳಿಬಿಡುತ್ತಿದ್ದರು.

ಗೇರಿನ ಕಥೆ ಇನ್ನೂ ಚೆಂದ. ಡ್ರಾಪ್ ಹ್ಯಾಂಡಲ್ಲಿಗೆ ರೋಡ್ ಸೈಕಲ್ಲಿನ 10 ಸ್ಪೀಡ್ ಲಿವರು, ಹಿಂದಕ್ಕೆ ಮೌಂಟನ್ ಬೈಕಿನ 10 ಸ್ಪೀಡ್ ಡಿರೇಲರ್. ಕಂಪನಿ ಒಂದೇ, ಹತ್ತಕ್ಕೆ ಹತ್ತು ಗುಣ ಕೂಡಿದೆ ಎಂದು ಮದುವೆ ಮಾಡಿಸಿದೆ. ಸಂಸಾರ ನಡೆಯಲಿಲ್ಲ. ಒಂದು ಕ್ಲಿಕ್ಕಿಗೆ ಲಿವರು ಎಳೆಯುವ ಕೇಬಲ್ಲಿನ ಉದ್ದವೇ ಬೇರೆ, ಡಿರೇಲರಿಗೆ ಬೇಕಾದ ಉದ್ದವೇ ಬೇರೆ. ಚೈನು ಎರಡು ಹಲ್ಲುಚಕ್ರಗಳ ನಡುವೆ ನಿಂತು ಕಟಕಟ ಎನ್ನುತ್ತಿತ್ತು, ಯಾವ ಕಡೆಗೂ ಸೇರದು.

ಕೊನೆಗೆ ಎಲ್ಲವೂ ರೋಡ್ ಸೈಕಲ್ಲಿನದೇ ಆಯಿತು. ಅತಿ ಹಗುರ ಗೇರೆಂದರೆ ಮುಂದೆ 34 ಹಲ್ಲು, ಹಿಂದೆ 28. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 2.6 ಮೀಟರ್ ಮುಂದಕ್ಕೆ. ಕಾಗದದ ಮೇಲೆ ಇದು ಲಾಭದಂತೆ ಕಾಣುತ್ತದೆ. ನಂದಿಯ ಏರಿನಲ್ಲಿ, ಕ್ಯಾರಿಯರಿನ ಎರಡೂ ಬದಿಗೆ ಚೀಲ ಜೋತಾಡುವಾಗ, ಅಷ್ಟೂ 2.6 ಮೀಟರನ್ನು ಮಂಡಿಯೇ ದುಡಿದು ಕೊಡಬೇಕು. ಇಳಿದು ತಳ್ಳಿದೆ. "ಪಂಕ್ಚರಾ ಸಾರ್?" ಎಂದವರಿಗೆಲ್ಲ ಹೌದೆಂದೆ.

ದೇವರು ಕೇಳಿಸಿಕೊಂಡಿರಬೇಕು. ಬೆಟ್ಟ ಇಳಿದ ಮೇಲೆ ನಿಜಕ್ಕೂ ಪಂಕ್ಚರಾಯಿತು. ಅಂಗಡಿಯಾತ ನನ್ನ ಟ್ಯೂಬಿನ ಸಪೂರ ಪ್ರೆಸ್ಟಾ ವಾಲ್ವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. "ಇದಕ್ಕೆ ಗಾಳಿ ಎಲ್ಲಿಂದ ಹಾಕೋದು ಸಾರ್?" ಅದಕ್ಕೆಂದೇ ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಇರುತ್ತದೆ. ನನ್ನ ಬಳಿಯೂ ಇತ್ತು, ಮನೆಯ ಮೇಜಿನ ಡ್ರಾಯರಿನಲ್ಲಿ. ಸೈಕಲ್ಲನ್ನು ಟೆಂಪೋಗೆ ಹಾಕಿಕೊಂಡು ಊರು ಸೇರಿದೆ.

ನೀವೂ ಜೋಡಿಸಹೊರಟಿದ್ದರೆ ಮೊದಲು ಟೈರು ಆರಿಸಿ, ಮಡ್‌ಗಾರ್ಡಿನ ಸಮೇತ ಅದು ಕೂರುವ ಫ್ರೇಮನ್ನು ಆಮೇಲೆ ಹುಡುಕಿ. ಹಿಂದಿನ ದೊಡ್ಡ ಹಲ್ಲುಚಕ್ರ ಮುಂದಿನ ಚಿಕ್ಕದಕ್ಕಿಂತ ದೊಡ್ಡದಿರಲಿ. ಅಂದಹಾಗೆ, ರಸ್ತೆಯನ್ನೇ ಕಾಣದ 40 ಮಿ.ಮೀ. ಟೈರು ಒಂದು ಜೊತೆ ನಮ್ಮಲ್ಲಿದೆ. ಬೇಕಾದವರು ಕೇಳಬಹುದು, ಚೌಕಾಸಿಗೆ ನಾನು ಸಿದ್ಧ.