ರಾತ್ರಿ ಎರಡಕ್ಕೆ ಏಳೋರು ಯಾರು?

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಹರಟೆಗೆ ಬೇಲಿ ಎಲ್ಲಿಂದ ಬರಬೇಕು? ಇರುವುದು ಎದುರುಬದುರು ಬಾಗಿಲಿನ ಜಾಲರಿ. ಆಫೀಸಿನವರು ಫಾಸ್ಟ್ ಲೋಕಲಿಗೆ ಓಡಿದ ಮೇಲೆ ಆಚೆ ಉಡುಪಿಯ ಶೆಟ್ಟರ ಮನೆ ಅಕ್ಕ, ಈಚೆ ವಿಜಯಪುರದ ನಾನು. ನಮ್ಮ ಮುಗಿಯದ ವ್ಯಾಜ್ಯ ಒಂದೇ: ವಯಸ್ಸಾದವರ ಮಂಚ ಯಾರ ಮನೆಯಲ್ಲಿರಬೇಕು?

"ಮಗಳ ಮನ್ಯಾಗ ಕೂತು ಉಣ್ಣೂದಂದ್ರ ನಮ್ಮಪ್ಪಗ ಮಾನ ಹ್ವಾದಂಗ. ಬಂದ ಮರುದಿನಾನ ಚೀಲ ಹುಡುಕ್ತಾನ" ಅಂತ ನಾನು.

"ಎಂಥದು ಮಾರಾಯ್ತಿ! ಮಗಳ ಮನೆ ಅಲ್ಲದೆ ಮತ್ತೆಲ್ಲಿಗೆ ಹೋಗುದು?" ಅಂತ ಅಕ್ಕ.

ಅವರದು ಅಳಿಯಸಂತಾನದ ಮನೆತನ. ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು. ಮುಪ್ಪಾದ ಸೋದರಮಾವನಿಗೂ ಅಕ್ಕತಂಗಿಯರ ಮಕ್ಕಳೇ ದಿಕ್ಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆಸ್ತಿಯ ಲೆಕ್ಕ ಬದಲಿಸಿತು, ಮನಸ್ಸಿನ ಲೆಕ್ಕ ಹಾಗೇ ಉಳಿಯಿತು. ಅಕ್ಕನ ತಾಯಿ ಮತ್ಸ್ಯಗಂಧ ರೈಲಿನಲ್ಲಿ ಬಂದು ಠಾಣೆಯಲ್ಲಿ ಇಳಿದರೆ ಸೀದಾ ಇಲ್ಲಿಗೇ. ನೆರೂಳಿನ ಮಗನ ಮನೆಗೆ ಹಬ್ಬಕ್ಕೊಮ್ಮೆ.

ಈ ಜಗಳವನ್ನು ಕೋರ್ಟು ಎಂದೋ ಮುಗಿಸಿದೆ, ಅದೂ ಪಕ್ಕದ ಕಲ್ಯಾಣದ ಪ್ರಕರಣದಲ್ಲಿ. ತಂದೆಯೊಬ್ಬರು ಮದುವೆಯಾದ ಮಗಳಿಂದ ತಿಂಗಳಿಗೆ 500 ರೂಪಾಯಿ ಜೀವನಾಂಶ ಕೇಳಿದ್ದರು. ಸ್ವಂತ ದುಡಿಮೆಯಿದ್ದರೆ ಮಗಳೂ ಕೊಡಬೇಕೆಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿರಿಯ ನಾಗರಿಕರ 2007ರ ಕಾಯ್ದೆಯಂತೂ ಮಗ, ಮಗಳ ಜೊತೆ ಮೊಮ್ಮಕ್ಕಳನ್ನೂ ಈ ಹೊಣೆಗೆ ಎಳೆದು ತಂದಿತು.

"ಹಾಗಾದ್ರೆ ನಾವಿಬ್ರೂ ಗೆದ್ದೆವು" ಅಂದರು ಅಕ್ಕ.

ಗೆದ್ದದ್ದು ಏನು, ಮಣ್ಣು! ಮಂಚ ಎಲ್ಲಿ ಹಾಕಬೇಕೆಂದು ಪದ್ಧತಿ ಹೇಳುತ್ತದೆ. ರಾತ್ರಿ ಎರಡಕ್ಕೆ ಎದ್ದು ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವವರು ಯಾರೆಂದು ಅದಕ್ಕೆ ಕೇಳಬೇಕಾಗಿಯೇ ಇಲ್ಲ. ಆಚೆ ಮನೆಯಲ್ಲಿ ಮಗಳು ಏಳುತ್ತಾಳೆ, ಈಚೆ ಮನೆಯಲ್ಲಿ ಸೊಸೆ. ಅವಳಿಗೂ ನೌಕರಿಯಿದ್ದರೆ ಹಗಲಿಗೆ ಕೆಲಸದ ಮಾವಶಿ, ಊಟಕ್ಕೆ ಪೋಳಿ-ಭಾಜಿ ಕೇಂದ್ರ. ಗಂಡಸರು? ಔಷಧ ತರುತ್ತಾರೆ, ಚೀಟಿ ಬರೆದುಕೊಟ್ಟರೆ.

ತಮಾಷೆಯೆಂದರೆ, 2007ರ ಆ ಕಾಯ್ದೆ ಹೇಳುವ ಮಕ್ಕಳ ಪಟ್ಟಿಯಲ್ಲಿ ಸೊಸೆಯೇ ಇಲ್ಲ. 2019ರ ತಿದ್ದುಪಡಿ ಮಸೂದೆ ಸೊಸೆ, ಅಳಿಯ ಇಬ್ಬರನ್ನೂ ಸೇರಿಸಹೊರಟಿತ್ತು, ಕಾನೂನಾಗಲಿಲ್ಲ.

"ಸೊಸೆ ಹೆಸರು ಬರೆದ್ರೂ ಬಿಟ್ರೂ ಕೆಲಸ ಅಷ್ಟೇ. ಅಳಿಯನ ಹೆಸರು ಮಾತ್ರ ಬರೀಲಿ ಮಾರಾಯ್ತಿ," ಅಂದರು ಅಕ್ಕ, "ಅಮ್ಮ ಕರೆದಾಗ ನಮ್ಮವರು ಎದ್ದು ಕೂತುಕೊಳ್ಳುದನ್ನು ನಂಗೊಮ್ಮೆ ನೋಡ್ಬೇಕು."