ಪ್ಯಾನಲ್ ಭಾವ

ಅಮೆರಿಕಕ್ಕೆ ಹೋಗಿ ಇಪ್ಪತ್ತು ವರ್ಷ ದಾಟಿದ, ಮನೆ ಸಾಲ ಮುಕ್ಕಾಲು ತೀರಿಸಿದ, ಮಗಳನ್ನು ಕಾಲೇಜಿಗೆ ಬಿಟ್ಟುಬಂದ ಕನ್ನಡದ ಎಂಜಿನಿಯರಿಗೆ ಒಂದು ಶನಿವಾರ ಬೆಳಿಗ್ಗೆ ತನಗೆ ಮಾಡಲು ಏನೂ ಕೆಲಸವಿಲ್ಲ ಎಂಬುದು ಹೊಳೆಯುತ್ತದೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಕೆಲವರು ಕನ್ನಡ ಕೂಟದ ಚುನಾವಣೆಗೆ ನಿಲ್ಲುತ್ತಾರೆ. ಕೆಲವರು ಮ್ಯಾರಥಾನ್ ಓಡಿ ಮಂಡಿ ಕೆಡಿಸಿಕೊಳ್ಳುತ್ತಾರೆ. ಉಳಿದವರು ಗರಾಜು ಸೇರುತ್ತಾರೆ. ಗರಾಜು ಸೇರಿದವರನ್ನು ಗುರುತಿಸುವುದು ಸುಲಭ: ಅವರ ಕಾರು ಸದಾ ಹೊರಗೆ ಮಳೆಯಲ್ಲಿ ನೆನೆಯುತ್ತಿರುತ್ತದೆ.

ನನ್ನ ಭಾವ ಈ ಕೊನೆಯ ಪಂಗಡದವರು. ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಓದಿ, ಓದಿದ್ದನ್ನು ಒಂದು ದಿನವೂ ಬಳಸದೆ ಸಾಫ್ಟ್‌ವೇರಿಗೆ ಹಾರಿ, ಈಗ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊದಲ್ಲಿ ಮೀಟಿಂಗಿನಿಂದ ಮೀಟಿಂಗಿಗೆ ಹೋಗುವ ದೊಡ್ಡ ಹುದ್ದೆಯಲ್ಲಿದ್ದಾರೆ. ಸಂಜೆ ಮನೆಗೆ ಬಂದಾಗ "ಇವತ್ತೇನ್ ಮಾಡಿದ್ರಿ?" ಎಂದು ಅಕ್ಕ ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಈ ಒಂದು ಕೊರತೆಯಿಂದ ಜಗತ್ತಿನಲ್ಲಿ ಎಷ್ಟು ಸ್ಟೀಲ್ ಪೆಟ್ಟಿಗೆಗಳಿಗೆ ತೂತು ಬಿದ್ದಿದೆಯೋ ಬಲ್ಲವರಾರು.

ಭಾವ ಮನೆಯಲ್ಲಿ ಬಿಯರ್ ಮಾಡುತ್ತಾರೆ. ಅಮೆರಿಕದಲ್ಲಿ ಇದು ತಪ್ಪಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯಿದೆಯ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ಬಿಯರಿಗೆ ಕೇಂದ್ರದ ತೆರಿಗೆಯಿಲ್ಲ. ಮಾರುವಂತಿಲ್ಲ, ಅಷ್ಟೆ. 200 ಗ್ಯಾಲನ್ ಅಂದರೆ ನಮ್ಮ ಲೆಕ್ಕದಲ್ಲಿ 750 ಲೀಟರಿಗೂ ಮೇಲೆ. ಈ ಅಂಕಿ ಹೇಳುವಾಗ ಭಾವನ ಧಾಟಿ ನೋಡಬೇಕು, ಸರ್ಕಾರವೇ ಮನೆ ಬಾಗಿಲಿಗೆ ಬಂದು ಬೇಡಿಕೊಂಡ ಹಾಗೆ. ಇದೇ ಉತ್ಸಾಹವನ್ನು ದಾವಣಗೆರೆಯ ಮನೆಯಲ್ಲಿ ತೋರಿಸಿದ್ದರೆ ಅಬಕಾರಿಯವರು ಬಂದು ಪಾತ್ರೆ ಸಮೇತ ಎತ್ತಿಕೊಂಡು ಹೋಗುತ್ತಿದ್ದರು.

ಊರಾದರೂ ಎಂಥದ್ದು! ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಬಳ್ಳಿ ಅಲ್ಲೇ ವಿಲಾಮೆಟ್ ಕಣಿವೆಯಲ್ಲಿ ಬೆಳೆಯುತ್ತದೆ. ಅಮೆರಿಕದ ಬಿಯರಿನ ರುಚಿಯನ್ನೇ ಬದಲಿಸಿದ ಕ್ಯಾಸ್ಕೇಡ್ ತಳಿ 1972ರಲ್ಲಿ ಹೊರಬಂದದ್ದು ಇದೇ ರಾಜ್ಯದ ಕಾರ್ವಾಲಿಸ್‌ನಿಂದ. ಪೋರ್ಟ್‌ಲ್ಯಾಂಡಿನಲ್ಲಿ ಎತ್ತ ಕಲ್ಲೆಸೆದರೂ ಬ್ರೂವರಿಯ ಕಿಟಕಿ ಒಡೆಯುತ್ತದೆ. ಅಂಥ ಕಡೆ ಮನೆಯಲ್ಲಿ ಬಿಯರ್ ಮಾಡುವ ದರ್ದು ಏನು ಅಂತ ನೀವು ಕೇಳಬಹುದು. ಕೇಳಬೇಡಿ.

ಬಿಯರಿಗೆ ಬೇಕಾದದ್ದು ಬಹಳ ಕಡಿಮೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಸುಮಾರು 67 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಒಂದು ಗಂಟೆ ನೆನೆಸಬೇಕು. ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಿಹಿ ನೀರನ್ನು ಬಸಿದು, ಹಾಪ್ಸ್ ಹಾಕಿ ಇನ್ನೊಂದು ಗಂಟೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಮುಚ್ಚಿಟ್ಟರೆ ಉಳಿದದ್ದು ಯೀಸ್ಟಿನ ಕೆಲಸ. ಒಂದು ದೊಡ್ಡ ಪಾತ್ರೆ, ಗ್ಯಾಸ್ ಬರ್ನರ್, ಥರ್ಮಾಮೀಟರ್ ಇದ್ದರೆ ಸಾಕು. ಭಾವ ಕೂಡ ಹಾಗೇ ಶುರುಮಾಡಿದರು. ಆದರೆ ಆ ಬರ್ನರನ್ನು ಬಯಲಲ್ಲೇ ಹಚ್ಚಬೇಕು. ಆರೆಗನ್ನಿನ ಆ ಭಾಗದಲ್ಲಿ ಅಕ್ಟೋಬರಿನಲ್ಲಿ ಹಿಡಿದ ಮಳೆ ವಸಂತದವರೆಗೆ ಬಿಡುವುದಿಲ್ಲ. ಕೊಡೆ ಹಿಡಿದು ನಿಂತು ಬಿಯರ್ ಕುದಿಸುತ್ತಿದ್ದಾಗ ಇದನ್ನು ಎಲೆಕ್ಟ್ರಿಕ್ ಮಾಡಿ ಗರಾಜಿನೊಳಕ್ಕೆ ತಂದರೆ ಹೇಗೆ ಎಂಬ ಯೋಚನೆ ಬಂತು. ಸಕಾರಣ ಸಿಕ್ಕ ಎಂಜಿನಿಯರನ್ನು ಬ್ರಹ್ಮನೂ ತಡೆಯಲಾರ. ಅಲ್ಲಿಗೆ ಬಿಯರ್ ಮುಗಿಯಿತು, ಪ್ಯಾನಲ್ ಶುರುವಾಯಿತು.

ಪ್ಯಾನಲ್ ಅಂದರೆ ಗೋಡೆಗೆ ನೇತುಹಾಕುವ ಸ್ಟೀಲ್ ಪೆಟ್ಟಿಗೆ. ಅದರ ಬಾಗಿಲ ಮೇಲೆ ಕೆಂಪು ಹಸಿರು ಅಂಕಿ ಮಿನುಗುವ ಮೂರು ಟೆಂಪರೇಚರ್ ಕಂಟ್ರೋಲರುಗಳು, ಕೀಲಿ ಹಾಕುವ ಸ್ವಿಚ್ಚು, ಎರಡು ಪಂಪಿಗೆ ಎರಡು ಸ್ವಿಚ್ಚು, ವೋಲ್ಟ್ ಮೀಟರ್, ಆಂಪ್ ಮೀಟರ್, ಟೈಮರ್, ಅಲಾರಂ, ಸಾಲು ದೀಪ, ಇವೆಲ್ಲದರ ಕೆಳಗೆ ಅಣಬೆ ತಲೆಯ ಒಂದು ಕೆಂಪು ಗುಂಡಿ. ಎಮರ್ಜೆನ್ಸಿ ಸ್ಟಾಪ್. ಇಷ್ಟೆಲ್ಲ ಸೇರಿ ಮಾಡುವ ಕೆಲಸ ನೀರು ಕಾಯಿಸುವುದು.

ಊಟದ ಮೇಜು ಯುಗಾದಿಯಿಂದ ಗಣೇಶನ ಹಬ್ಬದವರೆಗೆ ಈ ಪೆಟ್ಟಿಗೆಯ ವಶದಲ್ಲಿತ್ತು. ಮನೆಮಂದಿ ಸೋಫಾ ಮೇಲೆ ತಟ್ಟೆ ಹಿಡಿದು ಉಂಡರು. ಸ್ವಿಚ್ಚುಗಳಿಗೆ 22 ಮಿಲಿಮೀಟರಿನ ತೂತು ಕೊರೆದ ದಿನ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೂ ಸ್ಟೀಲಿನ ಚೂರು ಸಿಕ್ಕಿತು. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಗಂಡನ ತಟ್ಟೆಯ ಪಕ್ಕದಲ್ಲಿಟ್ಟಳು. ಮಾತಾಡಲಿಲ್ಲ. ಭಾವ ಅದನ್ನು ಬೆಳಕಿಗೆ ಹಿಡಿದು "ಚೆನ್ನಾಗಿ ಕಟ್ ಆಗಿದೆ" ಎಂದರು.

ತಂತಿಯ ವಿಷಯ ಬಂದಾಗ ಮಾತ್ರ ಭಾವನ ಮುಖ ಗಂಭೀರವಾಗುತ್ತದೆ. ಆಗಲೇಬೇಕು. ನಮ್ಮೂರ ಮನೆಗಳಲ್ಲಿ ಕಪ್ಪು ತಂತಿ ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪಿನಲ್ಲೇ ಕರೆಂಟು, ನ್ಯೂಟ್ರಲ್ ಬಿಳಿ. ನಮ್ಮಲ್ಲಿ ಫೇಸಿನಿಂದ ನ್ಯೂಟ್ರಲಿಗೆ 230 ವೋಲ್ಟ್. ಅಲ್ಲಿ ಕಪ್ಪು ಒಂದು, ಕೆಂಪು ಒಂದು, ತಲಾ 120, ಎರಡರ ನಡುವೆ 240. ದಾವಣಗೆರೆಯ ಡಿಗ್ರಿ ನೆನಪಿಟ್ಟುಕೊಂಡು ಹಿಲ್ಸ್‌ಬರೊದಲ್ಲಿ ತಂತಿಗೆ ಕೈ ಹಾಕಿದರೆ ತಿಥಿ ಅಡುಗೆಯವರಿಗೆ ಕೆಲಸ ಸಿಗುತ್ತದೆ. ಪಾತ್ರೆಯೊಳಗೆ ಕೂರುವ ಹೀಟರ್ 5500 ವ್ಯಾಟಿನದು, ಸುಮಾರು 23 ಆಂಪ್ ಎಳೆಯುತ್ತದೆ. ಅದಕ್ಕೆ 30 ಆಂಪಿನ ಬ್ರೇಕರ್, 10 ಗೇಜಿನ ತಾಮ್ರದ ತಂತಿ. ಒದ್ದೆ ನೆಲದ ಮೇಲೆ ನಿಂತು ಮಾಡುವ ಕೆಲಸವಾದ್ದರಿಂದ, 5 ಮಿಲಿಆಂಪ್ ಆಸುಪಾಸು ಎಲ್ಲಿ ಸೋರಿದರೂ ಕ್ಷಣದಲ್ಲಿ ಕರೆಂಟು ಕಡಿಯುವ ಜಿಎಫ್‌ಸಿಐ. ಇದರಲ್ಲಿ ಭಾವ ಒಂದು ಕಾಸೂ ಉಳಿಸಲು ಹೋಗಲಿಲ್ಲ. ಇದೊಂದಕ್ಕೆ ನಾನು ಅವರನ್ನು ಗೇಲಿ ಮಾಡುವುದಿಲ್ಲ.

ಉಳಿದದ್ದಕ್ಕೆ ಮಾಡಬಹುದು. ತಂತಿಯ ತುದಿಗೆ ಫೆರೂಲ್ ಎಂಬ ಪುಟ್ಟ ಲೋಹದ ಟೊಪ್ಪಿಗೆ ತೊಡಿಸಿ, ಇಕ್ಕಳದಿಂದ ಕಿಚಕ್ ಅಂತ ಅದುಮಿ, ಎಳೆದು ನೋಡುತ್ತಾರೆ. ಟರ್ಮಿನಲ್ಲಿಗೆ ತೂರಿಸಿ, ಸ್ಕ್ರೂ ಬಿಗಿದು, ಮತ್ತೆ ಎಳೆದು ನೋಡುತ್ತಾರೆ. ಪ್ರತಿ ತಂತಿಗೂ ಎರಡು ತುದಿಯಲ್ಲಿ ಅಚ್ಚಾದ ನಂಬರು. ತಂತಿಗಳು ಮೂಲೆಮಟ್ಟಕ್ಕೆ ಸರಿಯಾಗಿ ತಿರುಗಬೇಕು. ಒಂದೇ ಒಂದು ನೀಲಿ ತಂತಿ ಅಡ್ಡಹಾದಿ ಹಿಡಿದದ್ದನ್ನು ಕಂಡು ರಾತ್ರಿ ಹನ್ನೊಂದಕ್ಕೆ ಇಡೀ ಸಾಲು ಬಿಚ್ಚಿ ಮತ್ತೆ ಕಟ್ಟಿದ್ದುಂಟು. ಮದುವೆಯಾದಾಗಿನಿಂದ ಬೀರುವಿನಲ್ಲಿ ಒಂದು ಅಂಗಿ ಮಡಿಸಿಟ್ಟವರಲ್ಲ ಎಂದು ಅಕ್ಕ ಹೇಳುತ್ತಾಳೆ. ಪೆಟ್ಟಿಗೆಯ ಬಾಗಿಲು ಮುಚ್ಚಿದರೆ ಈ ಅಂದಚೆಂದ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ನೆಂಟರು ಬಂದಾಗ ಬಾಗಿಲು ತೆರೆದೇ ಇರುತ್ತದೆ.

ಆ ಕಂಟ್ರೋಲರುಗಳಿಗೆ ಪಿಐಡಿ ಎನ್ನುತ್ತಾರೆ. ಬೇಕಾದ ಬಿಸಿಗೂ ಈಗಿನ ಬಿಸಿಗೂ ಎಷ್ಟು ಅಂತರ, ಆ ಅಂತರ ಎಷ್ಟು ಹೊತ್ತಿನಿಂದ ಉಳಿದಿದೆ, ಎಷ್ಟು ಬೇಗ ಕರಗುತ್ತಿದೆ, ಈ ಮೂರನ್ನೂ ತೂಗಿ ಅದು ಹೀಟರನ್ನು ಹಚ್ಚಿ ಆರಿಸುತ್ತಿರುತ್ತದೆ. ಅಮೆರಿಕದ ನೌಕಾಪಡೆಯ ಹಡಗು ತಾನಾಗಿಯೇ ದಿಕ್ಕು ಹಿಡಿದು ಸಾಗುವಂತೆ ಮಾಡಲು ಹೊರಟ ನಿಕೊಲಾಸ್ ಮಿನೋರ್ಸ್ಕಿ, ಚುಕ್ಕಾಣಿ ಹಿಡಿದ ನಾವಿಕ ಹೇಗೆ ಯೋಚಿಸುತ್ತಾನೆಂದು ಗಮನಿಸಿ 1922ರಲ್ಲಿ ಇದರ ಗಣಿತ ಬರೆದ. ಮಿನೋರ್ಸ್ಕಿಯ ಕತೆ ಕೇಳದೆ ಭಾವನ ಮನೆಯಿಂದ ಹೊರಬಿದ್ದವರಿಲ್ಲ. ನನಗೆ ಅದನ್ನು ಅಡುಗೆಮನೆಯಲ್ಲಿ ನಿಂತು ವಿವರಿಸುತ್ತಿದ್ದರು. "ನೋಡಯ್ಯ, ಇದರಲ್ಲಿ ಡಿ ಅನ್ನೋದೇ ಮುಖ್ಯ. ಮುಂದೆ ಏನಾಗುತ್ತೆ ಅಂತ ಮೊದಲೇ ಊಹೆ ಮಾಡುತ್ತೆ." ಅಕ್ಕ ಒಲೆಗೆ ಬೆನ್ನು ಮಾಡಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತು ನಿಲ್ಲಿಸದೆ, ತಿರುಗಿ ನೋಡದೆ, ಹಾಲು ಉಕ್ಕುವ ಒಂದು ಗಳಿಗೆ ಮುಂಚೆ ಕೈ ಚಾಚಿ ಉರಿ ಸಣ್ಣ ಮಾಡಿದಳು. ಆಮೇಲೆ ಫೋನಿಗೆ ಅಂಗೈ ಅಡ್ಡ ಹಿಡಿದು, "ರೀ, ಅದಕ್ಕೆ ಎಷ್ಟು ಡಾಲರ್ ಆಯ್ತು ಅಂದ್ರಿ?" ಎಂದಳು.

240 ವೋಲ್ಟ್ 30 ಆಂಪ್ ಮನೆಯಲ್ಲಿ ಎಲ್ಲೆಂದರಲ್ಲಿ ಸಿಗುವುದಿಲ್ಲ. ಇರುವುದು ಬಟ್ಟೆ ಒಣಗಿಸುವ ಡ್ರೈಯರಿನ ಹಿಂದೆ. ಆದ್ದರಿಂದ ಬಿಯರ್ ದಿನ ಬಟ್ಟೆ ಒಣಗುವುದಿಲ್ಲ, ಬಟ್ಟೆಯ ದಿನ ಬಿಯರ್ ಇಲ್ಲ. ಕೆಲವು ಶನಿವಾರ ಒದ್ದೆ ಟವೆಲುಗಳು ಬಕೆಟ್ಟಿನಲ್ಲಿ ಕಾಯುತ್ತಿದ್ದವು. ಒಂದು ಶನಿವಾರ ಅಕ್ಕ ಅವನ್ನು ತಂದು ಪ್ಯಾನಲ್ ಮೇಲೆಯೇ ಹರವಿದಳು. ಸೋಮವಾರ ಲೈಸೆನ್ಸಿನ ಎಲೆಕ್ಟ್ರೀಷಿಯನ್ ಬಂದ. ಗರಾಜಿಗೆ ಬೇರೆ ಲೈನು ಎಳೆದು, ಹೊರಡುವ ಮುಂಚೆ ಪ್ಯಾನಲ್ ಮುಂದೆ ಬಹಳ ಹೊತ್ತು ನಿಂತು, ತಂತಿಗಳನ್ನು ಮೆಚ್ಚಿ, ಇದು ಏನು ಮಾಡುತ್ತದೆ ಎಂದು ಕೇಳಿದ. ನೀರು ಕಾಯಿಸುತ್ತದೆ ಎಂದರು ಭಾವ. ಗ್ಯಾಸ್ ಒಲೆ ಸಾಲದೇ ಎಂದ ಅವನು. ಭಾವ ಅವನಿಗೆ ದುಡ್ಡು ಕೊಟ್ಟರು, ಕಾಫಿ ಕೊಡಲಿಲ್ಲ.

ದಸರೆಗೆ ನಮ್ಮಮ್ಮ ಅಲ್ಲಿಗೆ ಹೋದರು. ಗರಾಜಿನಲ್ಲಿ ಮಿನುಗುವ ಪೆಟ್ಟಿಗೆ ಕಂಡು, "ಏನೇ ಇದು ನಿನ್ನ ಗಂಡಂದು, ಯುಪಿಎಸ್ಸಾ?" ಎಂದರಂತೆ. "ಬಾರ್ಲಿ ಬೇಯಿಸೋದಮ್ಮ" ಎಂದಳು ಅಕ್ಕ. ಸುಳ್ಳೇನಲ್ಲ. ಬಾರ್ಲಿ ನೀರು ಉರಿಮೂತ್ರಕ್ಕೆ ಒಳ್ಳೆಯದು ಎಂಬುದು ಅಮ್ಮನ ನಂಬಿಕೆ, ಅಳಿಯನ ಬಗ್ಗೆ ಇದ್ದ ಗೌರವ ಇಮ್ಮಡಿಯಾಯಿತು. ಆಯುಧಪೂಜೆಯ ದಿನ ಪ್ಯಾನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಕೆಳಗೆ ನಿಂಬೆಹಣ್ಣು ಕೊಯ್ದಿಟ್ಟರು. "ಅತ್ತೆ, ನೀರು ಮಾತ್ರ ಪ್ರೋಕ್ಷಣೆ ಮಾಡ್ಬೇಡಿ" ಎಂದು ಭಾವ ಬ್ರೇಕರ್ ಆರಿಸಿ ಪಕ್ಕದಲ್ಲೇ ಕಾವಲು ನಿಂತಿದ್ದರು. ವೋಲ್ಟ್ ಮೀಟರಿಗೂ ಆಂಪ್ ಮೀಟರಿಗೂ ನಡುವೆ ಆ ಕುಂಕುಮದ ಬೊಟ್ಟು ಇಂದಿಗೂ ಇದೆ. ಮರುದಿನ ವಿಜಯದಶಮಿ, ಒಳ್ಳೆಯ ದಿನ ಅಂತ ಭಾವ ಬಾರ್ಲಿ ನೆನೆಸಿದರು. ಹಾಪ್ಸ್ ಹಾಕುವ ಮುಂಚಿನ ಸಿಹಿ ನೀರನ್ನು ಅಮ್ಮ ಒಂದು ಲೋಟ ಕುಡಿದು, "ಮೊಳಕೆ ಕಟ್ಟಿದ್ದು ಅಲ್ವೇನೇ? ನಮ್ಮ ರಾಗಿ ಮಾಲ್ಟಿನ ವಾಸನೇನೇ ಇದೆ. ನಂಗೆ ದಿನಾ ಒಂದು ಲೋಟ ತೆಗೆದಿಡು" ಎಂದರು. ಯೀಸ್ಟ್ ಬಿದ್ದ ಮೇಲೆ ಅದು ಏನಾಗುತ್ತದೆ ಎಂದು ಅತ್ತೆ ಕೇಳಲಿಲ್ಲ, ಅಳಿಯ ಹೇಳಲಿಲ್ಲ.

ನಾನು ಹೋಗಿದ್ದಾಗ ಕನ್ನಡ ಕೂಟದ ನಾಲ್ಕು ಸಂಸಾರ ಊಟಕ್ಕೆ ಬಂದಿತ್ತು. ಬಿಯರ್ ಸಿಗುತ್ತದೆಂಬ ಆಸೆಯಲ್ಲಿ ಗಂಡಸರೆಲ್ಲ ಗರಾಜಿಗೆ ನಡೆದರು. ಸಿಕ್ಕಿದ್ದು ಪ್ಯಾನಲ್ ದರ್ಶನ. ಹೀಟರಿಗೆ ಕರೆಂಟು ಹರಿಸುವ ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಕೆಡುತ್ತದೆ, ಆರಿಸಿದಾಗಲೂ ಚೂರು ಕರೆಂಟು ಸೋರುತ್ತಿರುತ್ತದೆ, ಹಾಗಾಗಿ ಅದರ ಮೇಲೆ ಭರವಸೆಯಿಡದೆ ಕಾಂಟ್ಯಾಕ್ಟರ್ ಹಾಕಿದ್ದೇನೆ ಎಂದು ಭಾವ ಹೇಳುತ್ತಿದ್ದಾಗ ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಖಾಲಿ ಲೋಟ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಯಾರದೋ ಆರು ವರ್ಷದ ಹುಡುಗ ಕಾಲುಗಳ ಸಂದಿಯಲ್ಲಿ ನುಸುಳಿ ಬಂದು ಕೆಂಪು ಅಣಬೆ ಗುಂಡಿಯನ್ನು ಅಂಗೈಯಿಂದ ಗುದ್ದಿದ.

ಟಕ್. ಕಾಂಟ್ಯಾಕ್ಟರ್ ಕಳಚಿತು. ಅಂಕಿಗಳೆಲ್ಲ ಆರಿದವು. ಪಂಪು ನಿಂತಿತು. ಹುಡುಗನ ಅಪ್ಪ ಕೈಯೆತ್ತಿದ್ದರು. ಭಾವ ಅಡ್ಡ ಬಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಮದುವೆಯಲ್ಲೂ ಕಂಡಿರಲಿಲ್ಲ. "ನೋಡಿದ್ರಾ? ನೋಡಿದ್ರಾ? ರೆಪ್ಪೆ ಬಡಿಯೋದ್ರೊಳಗೆ! ಮುಂದೇನಾಗುತ್ತೆ ನೋಡಿ, ಈಗ ಕೀಲಿ ತಿರುಗಿಸಿದ್ರೂ ಆನ್ ಆಗಲ್ಲ. ಎಲ್ಲಾ ಸ್ವಿಚ್ಚೂ ಆಫ್ ಮಾಡಿದ್ರೇನೇ ಎದ್ದೇಳೋದು. ಇಂಟರ್‌ಲಾಕು!" ಕೀಲಿ ತಿರುಗಿಸಿ, ಆನ್ ಆಗದಿರುವುದನ್ನು ತೋರಿಸಿ, ಒಂದೊಂದೇ ಸ್ವಿಚ್ಚು ಆರಿಸಿ, ಮತ್ತೆ ಎಬ್ಬಿಸಿ, ಹುಡುಗನನ್ನು ಎತ್ತಿಕೊಂಡು "ಪುಟ್ಟಾ, ಇನ್ನೊಂದ್ಸಲ ಒತ್ತು" ಎಂದರು. ಅವನು ಬೇಸರವಾಗುವ ತನಕ ಒತ್ತಿದ. ಪಾತ್ರೆಯೊಳಗಿನ ಬಾರ್ಲಿ ಎಷ್ಟು ಡಿಗ್ರಿಗೆ ಇಳಿಯಿತೋ ಯಾರೂ ನೋಡಲಿಲ್ಲ, ನೋಡುವ ಅಂಕಿಗಳೇ ಆರಿದ್ದವು.

ಬಿಯರ್ ಹೇಗಿರುತ್ತದೆ ಅಂತ ಹೇಳುವುದನ್ನೇ ಬಿಟ್ಟೆ. ಬಿಯರ್ ಇದ್ದ ಹಾಗೇ ಇರುತ್ತದೆ. ಕೆಟ್ಟದ್ದಲ್ಲ, ಎರಡನೇ ಲೋಟ ಕೇಳುವಷ್ಟೂ ಅಲ್ಲ. ಕುಡಿದವರನ್ನು ಭಾವ ರುಚಿ ಕೇಳುವುದಿಲ್ಲ. "152 ಫ್ಯಾರನ್‌ಹೀಟ್, ಒಂದು ಗಂಟೆ, ಅರ್ಧ ಡಿಗ್ರಿ ಅಲ್ಲಾಡಲಿಲ್ಲ. ಗೊತ್ತಾಗ್ತಿದೆಯಾ?" ಎನ್ನುತ್ತಾರೆ. ಗೊತ್ತಾಗ್ತಿದೆ ಅನ್ನಬೇಕು. ಅವರು ಮಾತ್ರ ಅರ್ಧ ಲೋಟಕ್ಕೆ ನಿಲ್ಲಿಸುತ್ತಾರೆ, ಅಸಿಡಿಟಿ. ಉಳಿದದ್ದು ಆಫೀಸಿನ ಸಹೋದ್ಯೋಗಿಗಳ ಮನೆ ಸೇರುತ್ತದೆ. ಸದ್ಯ ಅದೂ ನಿಂತಿದೆ, ಯಾಕೆಂದರೆ ಪ್ಯಾನಲ್ ಗೋಡೆಯಿಂದ ಇಳಿದಿದೆ. ಟಚ್ ಸ್ಕ್ರೀನ್ ಬರುತ್ತಿದೆಯಂತೆ. ಊಟದ ಮೇಜು ಮತ್ತೆ ಹೋಗಿದೆ.

ಪೋರ್ಟ್‌ಲ್ಯಾಂಡ್ ಕಡೆ ಹೋದರೆ ಇಂಥ ಮನೆಯೊಂದು ನಿಮಗೂ ಸಿಕ್ಕೇ ಸಿಗುತ್ತದೆ. ಧಾರಾಳವಾಗಿ ಹೋಗಿ, ಊಟ ಚೆನ್ನಾಗಿರುತ್ತದೆ. ಬಿಯರನ್ನು ದಾರಿಯಲ್ಲಿ ಅಂಗಡಿಯಿಂದ ಕೊಂಡುಹೋಗಿ. ಮಕ್ಕಳಿದ್ದರೆ ಜೊತೆಗೆ ಕರೆದೊಯ್ಯಿರಿ, ಕೆಂಪು ಗುಂಡಿ ಮುಟ್ಟಬೇಡ ಎಂದು ಮಾತ್ರ ಹೇಳಬೇಡಿ.